ಸೇಫ್ಟಿ ಶೂನಿಂದ ಕಾಲಿಗೆ ಆಣಿ: ಬೆಳ್ಳುಳ್ಳಿ ಕಟ್ಟಿದರೆ ‘ಬೇರುಸಮೇತ’ ಕಿತ್ತು ಬರುತ್ತದೆಯೇ?

‘ರಾತ್ರಿ ಮಲಗುವ ಮುನ್ನ ಒಂದು ಎಸಳು ಬೆಳ್ಳುಳ್ಳಿ ಜಜ್ಜಿ ಆಣಿಯ ಮೇಲೆ ಇಟ್ಟು ಬಟ್ಟೆ ಕಟ್ಟಿ. ಮೂರೇ ದಿನದಲ್ಲಿ ಆಣಿ ಬೇರುಸಮೇತ ಕಿತ್ತು ಬರುತ್ತದೆ. ಆಪರೇಷನ್ ಬೇಡ, ಖರ್ಚಿಲ್ಲ. ಪುಣ್ಯ ಬರುತ್ತದೆ, ಎಲ್ಲರಿಗೂ ಕಳುಹಿಸಿ.’

ಈ ಬಗೆಯ ಸಂದೇಶ ನಿಮ್ಮ ವಾಟ್ಸ್ಆ್ಯಪ್ ಗುಂಪಿಗೂ ಬಂದಿರಬಹುದು. ಕೆಲವು ಸಂದೇಶಗಳಲ್ಲಿ ಬೆಳ್ಳುಳ್ಳಿಯ ಬದಲು ಸುಣ್ಣ ಇರುತ್ತದೆ, ಕೆಲವದರಲ್ಲಿ ನಿಂಬೆಹಣ್ಣು, ಇನ್ನು ಕೆಲವದರಲ್ಲಿ ಹೊಸ ಬ್ಲೇಡು. ‘ಶೂ ಹಾಕುವುದನ್ನೇ ಬಿಟ್ಟು ಚಪ್ಪಲಿ ಹಾಕಿ’ ಎಂಬ ಸಲಹೆಯೂ ಜೊತೆಗೆ ಬರುತ್ತದೆ. ಇವುಗಳಲ್ಲಿ ಯಾವುದು ನಿಜ, ಯಾವುದು ಅಪಾಯ ಎಂಬುದನ್ನು ನಾವು ಇಲ್ಲಿ ಒಂದೊಂದಾಗಿ ನೋಡೋಣ.

ಮೊದಲಿಗೆ ಚಿಕ್ಕ ಉತ್ತರ

ಆಣಿಗೆ ಬೇರು ಇಲ್ಲ. ಒಂದೇ ಜಾಗದ ಮೇಲೆ ದಿನವೂ ಒತ್ತಡ ಮತ್ತು ಉಜ್ಜಾಟ ಬಿದ್ದಾಗ ಚರ್ಮ ತನ್ನನ್ನು ಕಾಪಾಡಿಕೊಳ್ಳಲು ದಪ್ಪವಾಗುತ್ತದೆ, ಅಷ್ಟೇ. ಒತ್ತಡ ಹಾಗೆಯೇ ಉಳಿದರೆ ಎಷ್ಟು ಸಲ ತೆಗೆದರೂ ಮತ್ತೆ ಬರುತ್ತದೆ. ಒತ್ತಡ ತಪ್ಪಿದರೆ ಹೆಚ್ಚಿನವು ಕೆಲವು ವಾರಗಳಲ್ಲಿ ತಾವೇ ಕರಗುತ್ತವೆ. ಹಾಗಾಗಿ ಮೊದಲು ಸರಿಪಡಿಸಬೇಕಾದದ್ದು ಬೂಟನ್ನು. ಸಕ್ಕರೆ ಕಾಯಿಲೆ ಇರುವವರು ಮಾತ್ರ ಆಣಿಗೆ ಮನೆಯಲ್ಲಿ ಯಾವ ಮದ್ದನ್ನೂ ಹಾಕಬಾರದು, ಬ್ಲೇಡನ್ನಂತೂ ಮುಟ್ಟಲೇಬಾರದು.

ಹುಡಗಿಯಿಂದ ಪಾಳಿಗೆ ಹೊರಟ ಕಾಲು

ಬೀದರ್ ಜಿಲ್ಲೆಯ ಹುಮನಾಬಾದ್ ಪಕ್ಕದಲ್ಲಿ ಹುಡಗಿ ಎಂಬ ಊರಿದೆ. ಹೈದರಾಬಾದ್-ಪುಣೆ ಹೆದ್ದಾರಿಯ ಸೀಮೆ ಇದು. ಹುಮನಾಬಾದಿನಲ್ಲಿ ಕೈಗಾರಿಕಾ ಪ್ರದೇಶವಿದೆ; ಔಷಧ ಮತ್ತು ರಾಸಾಯನಿಕ ಕಾರ್ಖಾನೆಗಳಿವೆ. ಬಸವಕಲ್ಯಾಣದಲ್ಲಿ ಲಾರಿ ರಿಪೇರಿಯ ಗ್ಯಾರೇಜುಗಳಿವೆ. ಸುತ್ತಲಿನ ಹಳ್ಳಿಗಳಲ್ಲಿ ತೊಗರಿ, ಸೋಯಾ, ಕಬ್ಬಿನ ಹೊಲಗಳಿವೆ.

ಅಲ್ಲಿಂದ ಬೆಳಗಿನ ಪಾಳಿಗೆ ಹೊರಡುವ ಒಬ್ಬ ಕೆಲಸಗಾರನನ್ನು ಊಹಿಸಿಕೊಳ್ಳಿ. ಮೊನ್ನೆಯವರೆಗೆ ಹೊಲದಲ್ಲಿ ಚಪ್ಪಲಿ, ಇಲ್ಲವೇ ಬರಿಗಾಲು. ಈಗ ಕಾರ್ಖಾನೆ ಕೆಲಸ. ಗುತ್ತಿಗೆದಾರ ಕೊಟ್ಟ ಸೇಫ್ಟಿ ಶೂ ಎಂಟನೇ ನಂಬರಿನದು, ಅವನ ಕಾಲು ಅದಕ್ಕಿಂತ ಅಗಲ. ಒಂದು ಪಾಳಿಯೆಂದರೆ ಎಂಟು ತಾಸು, ಅದೂ ಸಿಮೆಂಟ್ ನೆಲದ ಮೇಲೆ. ಮೊದಲ ವಾರ ಕಿರುಬೆರಳಿನ ಮೇಲೆ ಕೆಂಪು ಗುರುತು. ಒಂದೆರಡು ತಿಂಗಳಲ್ಲಿ ಅದೇ ಜಾಗದಲ್ಲಿ ಕಲ್ಲಿನಂಥ ಗಂಟು. ಕಾಲು ಊರಿದರೆ ಮುಳ್ಳು ಚುಚ್ಚಿದಂತೆ ನೋವು. ಅಷ್ಟರಲ್ಲಿ ಮೊಬೈಲಿಗೆ ಬೆಳ್ಳುಳ್ಳಿಯ ಮೆಸೇಜು ಬರುತ್ತದೆ.

ಈ ಕಥೆ ಹುಡಗಿಯೊಂದಕ್ಕೇ ಸೇರಿದ್ದಲ್ಲ. ಸೇಫ್ಟಿ ಶೂ ಅಥವಾ ಗಮ್‌ಬೂಟ್ ಹಾಕಿ ದಿನವಿಡೀ ನಿಂತು ದುಡಿಯುವ ಎಲ್ಲರ ಪಾದದ ಕಥೆ ಹೆಚ್ಚು ಕಡಿಮೆ ಇದೇ.

ಜಡ್ಡು, ಆಣಿ, ನರಹುಲಿ: ಮೂರೂ ಬೇರೆ ಬೇರೆ

ಮದ್ದಿಗೆ ಮೊದಲು ಇದು ಯಾವುದು ಎಂದು ಗುರುತಿಸಬೇಕು. ಮೂರನ್ನೂ ‘ಆಣಿ’ ಎಂದೇ ಕರೆಯುವ ರೂಢಿ ಇರುವುದರಿಂದ ಇಲ್ಲೇ ಹೆಚ್ಚು ಜನ ತಪ್ಪುತ್ತಾರೆ.

*ಜಡ್ಡು:* ಹಿಮ್ಮಡಿಯಲ್ಲಿ, ಬೆರಳುಗಳ ಬುಡದ ಉಬ್ಬಿನಲ್ಲಿ, ಹೆಬ್ಬೆರಳಿನ ಪಕ್ಕದಲ್ಲಿ ಅಗಲವಾಗಿ ಹರಡಿದ ದಪ್ಪ, ಹಳದಿ ಬಣ್ಣದ ಚರ್ಮ. ಅಂಚು ಸ್ಪಷ್ಟವಾಗಿ ಇರುವುದಿಲ್ಲ. ಸಾಮಾನ್ಯವಾಗಿ ನೋವಿಲ್ಲ. ಸಲಿಕೆ, ಗುದ್ದಲಿ ಹಿಡಿಯುವವರ ಅಂಗೈಯಲ್ಲಿ ಆಗುವುದೂ ಇದೇ.

*ಆಣಿ:* ಚಿಕ್ಕದು, ದುಂಡಗಿನದು. ನಡುವೆ ಗಟ್ಟಿಯಾದ ತಿರುಳು. ಬೆರಳಿನ ಗೆಣ್ಣಿನ ಮೇಲೆ, ಕಿರುಬೆರಳಿನ ಹೊರಬದಿಯಲ್ಲಿ, ಅಂಗಾಲಿನಲ್ಲಿ ಹೆಚ್ಚು. ನೇರವಾಗಿ ಒತ್ತಿದರೆ ನೋಯುತ್ತದೆ. ಮರಾಠಿ ಮಾತಾಡುವ ಮನೆಗಳಲ್ಲಿ ಇದನ್ನು ‘ಕುರೂಪ’ ಎನ್ನುತ್ತಾರೆ. ಕಿರುಬೆರಳು ಮತ್ತು ಅದರ ಪಕ್ಕದ ಬೆರಳಿನ ಸಂದಿಯಲ್ಲಿ ಬೆವರಿಗೆ ನೆನೆದು ಬೆಳ್ಳಗೆ, ಮೆತ್ತಗೆ ಆಗುವ ಆಣಿಯೂ ಉಂಟು. ಅದನ್ನು ನೋಡಿ ‘ಬೆರಳಸಂದಿ ಕೊಳೆತಿದೆ’ ಎಂದು ಹುಳುಕಿನ ಮುಲಾಮು ಹಚ್ಚುವವರಿದ್ದಾರೆ. ಆದರೆ ಶಿಲೀಂಧ್ರದ ಸೋಂಕಿಗೆ ಸಾಮಾನ್ಯವಾಗಿ ಕೆರೆತ ಮತ್ತು ವಾಸನೆ ಇರುತ್ತದೆ. ಆಣಿಗೆ ಇರುವುದು ಒಂದೇ ಚುಕ್ಕೆಯಲ್ಲಿ ನೋವು.

*ನರಹುಲಿ:* ಇದು ವೈರಸ್ಸಿನಿಂದ ಬರುತ್ತದೆ, ಒಬ್ಬರಿಂದ ಒಬ್ಬರಿಗೆ ಹರಡಬಲ್ಲದು. ಅಂಗಾಲಿನಲ್ಲಿ ಬಂದಾಗ ಆಣಿಯಂತೆಯೇ ಕಾಣುತ್ತದೆ. ಗುರುತಿಸಲು ಮೂರು ಸುಳುಹು: ಪಾದದ ಚರ್ಮದ ಗೆರೆಗಳು ನರಹುಲಿಯ ಬಳಿ ಬಂದು ನಿಂತುಬಿಡುತ್ತವೆ, ಒಳಗೆ ಸಣ್ಣ ಕಪ್ಪು ಚುಕ್ಕೆಗಳು ಕಾಣಬಹುದು, ನೇರವಾಗಿ ಒತ್ತುವುದಕ್ಕಿಂತ ಎರಡೂ ಬದಿಯಿಂದ ಚಿವುಟಿ ಹಿಡಿದಾಗ ಹೆಚ್ಚು ನೋಯುತ್ತದೆ. ಇದಕ್ಕೆ ಬೂಟು ಬದಲಿಸಿದರೆ ಸಾಲದು, ವೈದ್ಯರಿಗೆ ತೋರಿಸಬೇಕು.

ಚರ್ಮ ಗಟ್ಟಿಯಾಗುವುದು ಯಾಕೆ?

ನಮ್ಮ ಚರ್ಮದ ಅತಿ ಮೇಲಿನ ಪದರ ಸತ್ತ ಕೋಶಗಳದ್ದು. ಉಗುರು, ಕೂದಲಿನಲ್ಲಿರುವ ಕೆರಾಟಿನ್ ಎಂಬ ಗಟ್ಟಿ ಪ್ರೋಟೀನೇ ಈ ಕೋಶಗಳಲ್ಲೂ ತುಂಬಿರುತ್ತದೆ. ಕೆಳಗಿನಿಂದ ಹೊಸ ಕೋಶಗಳು ಹುಟ್ಟುತ್ತಾ ಮೇಲೆ ಬರುತ್ತವೆ, ಹಳೆಯವು ಉದುರುತ್ತವೆ. ಈ ಒಂದು ಸುತ್ತಿಗೆ ಒಂದು ತಿಂಗಳು ಅಥವಾ ಸ್ವಲ್ಪ ಹೆಚ್ಚು ಬೇಕು.

ಒಂದೇ ಜಾಗದ ಮೇಲೆ ದಿನವೂ ಒತ್ತಡ ಬಿದ್ದರೆ ಅಲ್ಲಿ ಕೋಶಗಳು ಬೇಗ ಬೇಗ ಹುಟ್ಟುತ್ತವೆ, ಉದುರುವುದು ನಿಧಾನವಾಗುತ್ತದೆ. ಪದರದ ಮೇಲೆ ಪದರ ಕೂಡಿಕೊಂಡು ಜಡ್ಡಾಗುತ್ತದೆ. ಹೊಸ ಶೂ ಒಂದೇ ದಿನದಲ್ಲಿ ಜೋರಾಗಿ ಉಜ್ಜಿದರೆ ಗುಳ್ಳೆ ಏಳುತ್ತದೆ. ಅದೇ ಉಜ್ಜಾಟ ಸ್ವಲ್ಪಸ್ವಲ್ಪವಾಗಿ ವಾರಗಟ್ಟಲೆ ನಡೆದರೆ ಜಡ್ಡು ಕಟ್ಟುತ್ತದೆ.

ಅಂದರೆ ಜಡ್ಡು ತಾನಾಗಿ ಕಾಯಿಲೆಯೇನೂ ಅಲ್ಲ. ಇದಕ್ಕೆ ಒಳ್ಳೆಯ ಪುರಾವೆ ಕೀನ್ಯಾದಿಂದ ಬಂದಿದೆ. 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೀನ್ಯಾದ 81 ಮತ್ತು ಅಮೆರಿಕದ ಬಾಸ್ಟನ್‌ನ 22 ಜನರ ಪಾದಗಳನ್ನು ಪರೀಕ್ಷಿಸಲಾಗಿತ್ತು. ಬರಿಗಾಲಲ್ಲಿ ನಡೆಯುವವರ ಜಡ್ಡು ಸುಮಾರು ಶೇ 30ರಷ್ಟು ದಪ್ಪವಾಗಿತ್ತು. ಆದರೆ ಅವರ ಅಂಗಾಲಿನ ಸ್ಪರ್ಶಜ್ಞಾನ ಶೂ ಹಾಕುವವರಿಗಿಂತ ಕಡಿಮೆಯೇನೂ ಇರಲಿಲ್ಲ. ಜಡ್ಡು ಅವರಿಗೆ ದೇಹವೇ ಕೊಟ್ಟ ಚಪ್ಪಲಿಯಾಗಿತ್ತು.

ಹಾಗಿದ್ದರೆ ಶೂನಿಂದ ಆದದ್ದು ನೋಯುವುದೇಕೆ? ಬರಿಗಾಲಲ್ಲಿ ನಡೆದಾಗ ಭಾರ ಇಡೀ ಅಂಗಾಲಿಗೆ ಹಂಚಿಹೋಗುತ್ತದೆ. ಬಿಗಿಯಾದ ಶೂ ಒಂದು ಬೆರಳಿನ ಒಂದು ಮೂಳೆಯ ತುದಿಯನ್ನೇ ಹಿಡಿದು ಒತ್ತುತ್ತದೆ. ಒಂದು ಕಡೆ ಗಟ್ಟಿ ಶೂ, ಇನ್ನೊಂದು ಕಡೆ ಗಟ್ಟಿ ಮೂಳೆ, ನಡುವೆ ಸಿಕ್ಕಿಬಿದ್ದ ಚರ್ಮ. ಆ ಚರ್ಮ ದಪ್ಪವಾದಷ್ಟೂ ಶೂ ಒಳಗೆ ಜಾಗ ಕಡಿಮೆಯಾಗುತ್ತದೆ, ಒತ್ತಡ ಹೆಚ್ಚುತ್ತದೆ, ಮತ್ತೆ ಚರ್ಮ ದಪ್ಪವಾಗುತ್ತದೆ. ಆಣಿ ಬೆಳೆಯುವುದು ಈ ಸುಳಿಯಲ್ಲಿ.

‘ಬೇರು’ ಎಂದು ತೋರಿಸುವುದು ಏನನ್ನು?

ಆಣಿಯ ನಡುವಿನ ತಿರುಳು ಮೊಳೆಯ ಆಕಾರದಲ್ಲಿ ಮೇಲೆ ಅಗಲ, ಒಳಗೆ ಚೂಪಾಗಿರುತ್ತದೆ. ಚೂಪು ತುದಿ ನರದ ಮೇಲೆ ಒತ್ತುವುದರಿಂದಲೇ ಮುಳ್ಳಿನಂಥ ನೋವು. ಜನ ಬೇರು ಎಂದುಕೊಂಡಿರುವುದು ಇದನ್ನೇ. ಗಿಡದ ಬೇರಿನಂತೆ ಇದು ನೆಲ ಹಿಡಿದು ಬೆಳೆಯುವುದಿಲ್ಲ. ಇದರಲ್ಲಿ ಜೀವವೂ ಇಲ್ಲ, ಇದು ಒತ್ತಿಹೋದ ಸತ್ತ ಚರ್ಮ. ಇದನ್ನು ಪೂರ್ತಿ ತೆಗೆದ ಮೇಲೂ ಅದೇ ಬಿಗಿ ಶೂ ಹಾಕಿದರೆ ಹೊಸದು ಹುಟ್ಟುತ್ತದೆ. ‘ಬೇರು ಉಳಿದಿತ್ತು, ಅದಕ್ಕೇ ಮತ್ತೆ ಬಂತು’ ಎಂಬ ಮಾತಿನ ಗುಟ್ಟು ಇಷ್ಟೇ: ಉಳಿದದ್ದು ಶೂ.

ಫಾರ್ವರ್ಡ್ ಮದ್ದುಗಳನ್ನು ಒಂದೊಂದಾಗಿ ನೋಡೋಣ

*ಬೆಳ್ಳುಳ್ಳಿ:* ಈ ಸುದ್ದಿಗೆ ಒಂದು ಎಳೆ ಸತ್ಯ ಇದೆ. 2005ರಲ್ಲಿ ಇರಾನಿನ ಸಂಶೋಧಕರು ಬೆಳ್ಳುಳ್ಳಿಯಿಂದ ಪ್ರಯೋಗಾಲಯದಲ್ಲಿ ತೆಗೆದ ಸಾರವನ್ನು ನರಹುಲಿ ಮತ್ತು ಆಣಿಗಳಿಗೆ ಹಚ್ಚಿ ನೋಡಿದ್ದರು, ಫಲವೂ ಕಂಡಿತ್ತು. ಆದರೆ ಅದು ತೀರ ಸಣ್ಣ ಪ್ರಯೋಗ, ಬಳಸಿದ್ದು ರಾಸಾಯನಿಕಗಳಿಂದ ಬೇರ್ಪಡಿಸಿದ ಸಾರ. ಹಸಿ ಬೆಳ್ಳುಳ್ಳಿ ಜಜ್ಜಿ ರಾತ್ರಿಯಿಡೀ ಕಟ್ಟುವುದು ಬೇರೆಯೇ ಮಾತು. ಹಾಗೆ ಕಟ್ಟಿ ಚರ್ಮ ಸುಟ್ಟು ಬೊಬ್ಬೆ ಎದ್ದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಹಲವು ಸಲ ದಾಖಲಾಗಿವೆ. ‘ಮೂರು ದಿನದಲ್ಲಿ ಕಿತ್ತು ಬಂತು’ ಎನ್ನುವವರಿಗೆ ಕಿತ್ತು ಬಂದದ್ದು ಸುಟ್ಟ ಚರ್ಮವೂ ಆಗಿರಬಹುದು.

*ಬಿಬ್ಬಾ ಅಥವಾ ಕೇರುಬೀಜ:* ಕಾಯಿಸಿದ ಕೇರುಬೀಜದ ಎಣ್ಣೆಯಿಂದ ಆಣಿಗೆ, ಹಿಮ್ಮಡಿ ಬಿರುಕಿಗೆ ಚುರುಕು ಕೊಡುವ ಪದ್ಧತಿ ಗಡಿಭಾಗದ ಹಳ್ಳಿಗಳಲ್ಲಿ ಹಳೆಯದು. ಈ ಎಣ್ಣೆ ಎಷ್ಟು ಖಾರ ಎಂದರೆ, ಹಿಂದೆ ಅಗಸರು ಬಟ್ಟೆಗೆ ಗುರುತು ಹಾಕಲು ಇದನ್ನು ಬಳಸುತ್ತಿದ್ದಾಗ ಆ ಬಟ್ಟೆ ಉಟ್ಟವರ ಕುತ್ತಿಗೆ, ಸೊಂಟಕ್ಕೆ ಅಲರ್ಜಿಯ ಗಾಯಗಳಾಗುತ್ತಿದ್ದವು. ಚರ್ಮರೋಗದ ಪುಸ್ತಕಗಳಲ್ಲಿ ಇದಕ್ಕೆ ‘ಧೋಬಿ ಗುರುತಿನ ಉರಿ’ ಎಂಬ ಅರ್ಥದ ಹೆಸರೇ ಇದೆ. ಕಾಲಿಗೆ ಬೇಡ.

*ಸುಣ್ಣ ಮತ್ತು ಸೋಡಾ:* ಇವೆರಡೂ ಸೇರಿದರೆ ತೀವ್ರ ಕ್ಷಾರವಾಗುತ್ತದೆ. ಅದಕ್ಕೆ ಸತ್ತ ಚರ್ಮ, ಜೀವಂತ ಚರ್ಮ ಎಂಬ ಭೇದ ಇಲ್ಲ. ಆಳಕ್ಕೆ ಇಳಿದು ಸುಡುತ್ತದೆ. ಬ್ಯಾಟರಿ ಆ್ಯಸಿಡ್ ಕೂಡ ಹಾಗೆಯೇ.

*ಬ್ಲೇಡು:* ಸಂತೆ, ಜಾತ್ರೆಗಳಲ್ಲಿ ‘ಆಣಿ ತೆಗೆಯುತ್ತೇವೆ’ ಎಂದು ಕೂರುವವರು ಒಂದೇ ಬ್ಲೇಡಿನಿಂದ ಹಲವರ ಕಾಲು ಕೆರೆಯಬಹುದು. ಅದರಿಂದ ಧನುರ್ವಾಯು, ಹೆಪಟೈಟಿಸ್ ಬಿ ಮತ್ತು ಎಚ್‌ಐವಿ ಸೋಂಕಿನ ಅಪಾಯ ಇದೆ. ಮನೆಯಲ್ಲಿ ಹೊಸ ಬ್ಲೇಡ್ ತಂದು ಕೆರೆದರೂ ಸತ್ತ ಚರ್ಮ ಎಲ್ಲಿ ಮುಗಿಯಿತು, ಜೀವಂತ ಚರ್ಮ ಎಲ್ಲಿ ಶುರುವಾಯಿತು ಎಂಬುದು ಕೊಯ್ದ ಮೇಲೆಯೇ ತಿಳಿಯುವುದು.

*ಕಾರ್ನ್ ಕ್ಯಾಪ್:* ಔಷಧದ ಅಂಗಡಿಯಲ್ಲಿ ಸಿಗುವ ಈ ಅಂಟುಪಟ್ಟಿಯಲ್ಲಿ ಸ್ಯಾಲಿಸಿಲಿಕ್ ಆ್ಯಸಿಡ್ ಇರುತ್ತದೆ, ಸಾಮಾನ್ಯವಾಗಿ ಶೇ 40ರಷ್ಟು. ಇದು ನಿಜವಾದ ಔಷಧ, ಗಟ್ಟಿ ಚರ್ಮವನ್ನು ಮೆತ್ತಗೆ ಮಾಡುತ್ತದೆ. ತೊಂದರೆ ಏನೆಂದರೆ, ಪಟ್ಟಿ ಪಕ್ಕಕ್ಕೆ ಸರಿದರೆ ಒಳ್ಳೆಯ ಚರ್ಮವನ್ನೂ ಕೊರೆಯುತ್ತದೆ. ಸಕ್ಕರೆ ಕಾಯಿಲೆ, ಕಾಲಿನ ಮರಗಟ್ಟುವಿಕೆ, ಕಾಲಿಗೆ ರಕ್ತ ಸರಿಯಾಗಿ ಹರಿಯದ ತೊಂದರೆ ಇದ್ದವರು ಬಳಸಲೇಬಾರದು. ಉಳಿದವರು ಪೊಟ್ಟಣದ ಮೇಲೆ ಬರೆದಷ್ಟೇ ದಿನ ಬಳಸಬೇಕು. ಸುತ್ತಲಿನ ಚರ್ಮಕ್ಕೆ ವ್ಯಾಸಲಿನ್ ಹಚ್ಚಿಕೊಂಡು, ಗಟ್ಟಿಯಾದ ಭಾಗದ ಮೇಲೆ ಮಾತ್ರ ಅಂಟಿಸಬೇಕು.

*ಕೊಬ್ಬರಿ ಎಣ್ಣೆ, ಹರಳೆಣ್ಣೆ:* ಇವುಗಳಿಂದ ಅಪಾಯವಿಲ್ಲ. ಚರ್ಮ ಮೆತ್ತಗಾಗುತ್ತದೆ. ಆದರೆ ಇವಷ್ಟರಿಂದಲೇ ಆಣಿ ಹೋಗುವುದಿಲ್ಲ.

ಬೂಟು ಎಲ್ಲಿ ತಪ್ಪುತ್ತದೆ?

ಸೇಫ್ಟಿ ಶೂನ ಮುಂಭಾಗದಲ್ಲಿ ಉಕ್ಕಿನ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಕವಚ ಇರುತ್ತದೆ. ಭಾರತೀಯ ಮಾನಕ ಐಎಸ್ 15298ರ ಪ್ರಕಾರ ಈ ಕವಚ 200 ಜೌಲ್ ಹೊಡೆತ ತಾಳಬೇಕು. 20 ಕೆ.ಜಿ. ತೂಕ ಸುಮಾರು 1 ಮೀಟರ್ ಎತ್ತರದಿಂದ ಬೆರಳ ಮೇಲೆ ಬಿದ್ದಷ್ಟು ಹೊಡೆತ ಅದು. ಬೆರಳು ಉಳಿಸುವ ಈ ಕವಚಕ್ಕೆ ಒಂದು ಗುಣ ಇದೆ: ಅದು ಹಿಗ್ಗುವುದಿಲ್ಲ. ಸಾಮಾನ್ಯ ಚರ್ಮದ ಶೂ ಹಾಕಿ ಹಾಕಿ ಸಡಿಲವಾಗುತ್ತದೆ. ಸೇಫ್ಟಿ ಶೂನ ಮೂತಿ ಮೊದಲ ದಿನ ಬಿಗಿಯಿದ್ದರೆ ಕೊನೆಯ ದಿನವೂ ಬಿಗಿ. ‘ನಾಲ್ಕು ದಿನ ಹಾಕು, ಸರಿಹೋಗುತ್ತೆ’ ಎಂಬ ಮಾತು ಕವಚದ ವಿಷಯದಲ್ಲಿ ಸುಳ್ಳು.

ಎರಡನೆಯ ತೊಂದರೆ ಅಗಲದ್ದು. ಚೆನ್ನೈನಲ್ಲಿರುವ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರಿನಿಂದ 2022ರ ಮಾರ್ಚ್‌ವರೆಗೆ ದೇಶದಾದ್ಯಂತ 1 ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆಯಿತು. ಯುರೋಪ್, ಅಮೆರಿಕದವರಿಗಿಂತ ಭಾರತೀಯರ ಪಾದ ಸಾಮಾನ್ಯವಾಗಿ ಅಗಲ ಎಂದು ಅದರಿಂದ ತಿಳಿದುಬಂತು. ನಾವು ಹಾಕುವ ಶೂಗಳ ನಂಬರುಗಳಾದರೋ ಅಲ್ಲಿನ ಅಳತೆಯವು. ಹಾಗಾಗಿ ಅಗಲ ಸಾಲದವರು ಒಂದು ನಂಬರ್ ದೊಡ್ಡದು ತೆಗೆದುಕೊಳ್ಳುತ್ತಾರೆ. ಈಗ ಶೂ ಉದ್ದವಾಯಿತು. ಕಾಲು ಒಳಗೆ ಹಿಂದೆ ಮುಂದೆ ಜಾರುತ್ತದೆ. ಬೆರಳಿನ ಆಣಿ ತಪ್ಪಿಸಲು ಹೋಗಿ ಹಿಮ್ಮಡಿಗೆ, ಅಂಗಾಲಿಗೆ ಜಡ್ಡು ಬರುತ್ತದೆ.

ಒಂದು ಹಾಳೆ, ಒಂದು ಪೆನ್ನು: ಎರಡು ನಿಮಿಷದ ಪರೀಕ್ಷೆ

ಹುಡಗಿಯ ನೆರೆಯ ಬಸವಕಲ್ಯಾಣ ಹನ್ನೆರಡನೇ ಶತಮಾನದ ಶರಣ ಹರಳಯ್ಯನವರ ಊರು. ಅವರ ಕಾಯಕ ಪಾದರಕ್ಷೆ ಮಾಡುವುದು. ಹರಳಯ್ಯ ಮತ್ತು ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನವರಿಗೆ ಚಮ್ಮಾವುಗೆ ಮಾಡಿದರೆಂಬ ಕಥೆ ಈ ಸೀಮೆಯ ಎಲ್ಲರಿಗೂ ಗೊತ್ತು. ಅಂದಿನಿಂದ ನಮ್ಮ ತಾತಂದಿರ ಕಾಲದವರೆಗೂ ಪಾದ ನೋಡಿ ಪಾದರಕ್ಷೆ ಹೊಲಿಯುತ್ತಿದ್ದರು. ಕಾರ್ಖಾನೆಯ ಬೂಟು ನಂಬರ್ ನೋಡಿ ತಯಾರಾಗುತ್ತದೆ. ಹಾಗಾಗಿ ಪಾದದ ಅಳತೆಯನ್ನು ಈಗ ನಾವೇ ತೆಗೆದುಕೊಳ್ಳಬೇಕು.

1. ಸಂಜೆ, ಕೆಲಸ ಮುಗಿಸಿ ಬಂದ ಮೇಲೆ ಅಳೆಯಿರಿ. ದಿನವಿಡೀ ನಿಂತ ಕಾಲು ಸ್ವಲ್ಪ ಊದಿರುತ್ತದೆ, ಅದೇ ನಿಜವಾದ ಅಳತೆ.
2. ನೆಲದ ಮೇಲೆ ಬಿಳಿ ಹಾಳೆ ಇಟ್ಟು, ಕೆಲಸಕ್ಕೆ ಹಾಕುವ ಸಾಕ್ಸ್ ಹಾಕಿಕೊಂಡೇ ಅದರ ಮೇಲೆ ನಿಲ್ಲಿ. ಕೂತು ಅಳೆಯಬೇಡಿ.
3. ಪೆನ್ನನ್ನು ನೇರ ಹಿಡಿದು ಪಾದದ ಸುತ್ತ ಗೆರೆ ಎಳೆಯಿರಿ. ಎರಡೂ ಕಾಲಿಗೆ ಮಾಡಿ, ಯಾಕೆಂದರೆ ಹಲವರಿಗೆ ಒಂದು ಕಾಲು ದೊಡ್ಡದಿರುತ್ತದೆ.
4. ಶೂ ಒಳಗಿನ ಸೋಲ್ ಹೊರತೆಗೆದು ಆ ಗೆರೆಯ ಮೇಲೆ ಇಡಿ.

ಪಾದದ ಗೆರೆ ಸೋಲಿನ ಅಂಚಿನಿಂದ ಹೊರಗೆ ಚಾಚಿದ್ದರೆ ಆ ಶೂ ನಿಮಗೆ ಕಿರಿದು. ಎಲ್ಲಿ ಚಾಚಿದೆಯೋ ನೋಡಿ, ಬಹುತೇಕ ನಿಮ್ಮ ಆಣಿ ಇರುವುದು ಅಲ್ಲಿಯೇ. ಉದ್ದದಲ್ಲಿ ಅತಿ ಉದ್ದನೆಯ ಬೆರಳಿನ ಮುಂದೆ ಸುಮಾರು 1 ಸೆಂಟಿಮೀಟರ್ ಜಾಗ ಉಳಿದಿರಬೇಕು. ಹೊಸ ಶೂ ಕೊಳ್ಳುವಾಗ, ಅಥವಾ ಗುತ್ತಿಗೆದಾರರು ಶೂ ಕೊಡುವ ದಿನ ಈ ಹಾಳೆ ಜೊತೆಗಿರಲಿ. ‘ಕಾಲು ನೋಯುತ್ತದೆ’ ಎಂಬ ಮಾತಿಗಿಂತ ಈ ಹಾಳೆಗೆ ಬೆಲೆ ಹೆಚ್ಚು.

ಒಂದು ಎಚ್ಚರಿಕೆ: ಸೇಫ್ಟಿ ಶೂನ ಮೂತಿಯನ್ನು ಕೊಯ್ಯುವುದು, ಬದಿಗೆ ತೂತು ಮಾಡುವುದು ಬೇಡ. ಒಳಗೆ ಹಾಕುವ ಮೆತ್ತನೆಯ ಸೋಲನ್ನು ನಿಮ್ಮೂರ ಚಮ್ಮಾರರಿಂದ ಅಳತೆಗೆ ಕತ್ತರಿಸಿಕೊಳ್ಳಬಹುದು. ಆದರೆ ಸೋಲ್ ದಪ್ಪವಾದರೆ ಬೆರಳುಗಳು ಮೇಲಿನ ಕವಚಕ್ಕೆ ತಾಗುತ್ತವೆ. ಹಾಕಿ, ಹತ್ತು ಹೆಜ್ಜೆ ನಡೆದು ನೋಡಿ.

ಬೂಟು ಬದಲಿಸಲಾಗದಿದ್ದರೆ ಇಷ್ಟು ಮಾಡಿ

ಎಲ್ಲರಿಗೂ ತಕ್ಷಣ ಹೊಸ ಶೂ ಸಿಗುವುದಿಲ್ಲ ಎಂಬುದು ನಮಗೂ ಗೊತ್ತು. ಇರುವುದರಲ್ಲೇ ಒತ್ತಡ ತಗ್ಗಿಸುವ ದಾರಿಗಳಿವೆ.

ಲೇಸ್ ಸರಿಯಾಗಿ ಕಟ್ಟಿ. ಬೇಗ ಹಾಕಿ ತೆಗೆಯಲು ಸುಲಭವೆಂದು ಲೇಸ್ ಸಡಿಲ ಬಿಡುವವರು ಬಹಳ. ಆಗ ಪ್ರತಿ ಹೆಜ್ಜೆಗೂ ಕಾಲು ಮುಂದಕ್ಕೆ ಜಾರಿ ಬೆರಳುಗಳು ಕವಚಕ್ಕೆ ಗುದ್ದುತ್ತವೆ. ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ ಕೂರಿಸಿ, ಕಣಕಾಲಿನ ಬಳಿ ಬಿಗಿ ಮಾಡಿ, ಬೆರಳುಗಳ ಕಡೆ ಸ್ವಲ್ಪ ಸಡಿಲ ಬಿಡಿ.

ಒದ್ದೆ ಕಾಲಿನಲ್ಲಿ ಕೆಲಸ ಮಾಡಬೇಡಿ. ಬೆವರಿಗೆ ನೆನೆದ ಚರ್ಮ ಒಣಚರ್ಮಕ್ಕಿಂತ ಹೆಚ್ಚು ಉಜ್ಜುತ್ತದೆ. ಗಮ್‌ಬೂಟ್ ಹಾಕುವವರಿಗೆ ಈ ಕಾಟ ಹೆಚ್ಚು. ಊಟದ ಬಿಡುವಿನಲ್ಲಿ ಬೂಟು ಕಳಚಿ ಕಾಲಿಗೆ ಗಾಳಿ ಆಡಲು ಬಿಡಿ, ಸಾಕ್ಸ್ ಬದಲಿಸಿ. ಇನ್ನೊಂದು ಜೊತೆ ಸಾಕ್ಸ್ ಚೀಲದಲ್ಲಿರಲಿ. ತೀರ ತೆಳುವಾದ, ತೂತಾದ, ಒಳಗೆ ದಪ್ಪ ಹೊಲಿಗೆ ಇರುವ ಸಾಕ್ಸ್ ಬೇಡ. ಸಾಕ್ಸ್ ಇಲ್ಲದೆ ಬೂಟು ಹಾಕುವುದಂತೂ ಆಣಿಗೆ ನೇರ ಆಹ್ವಾನ.

ರಾತ್ರಿ ಬೂಟಿನೊಳಗೆ ಹಳೆಯ ಪತ್ರಿಕೆ ತುರುಕಿಡಿ, ತೇವ ಹೀರುತ್ತದೆ. ಸಾಧ್ಯವಿದ್ದರೆ ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕಿ. ತಿಂಗಳಿಗೊಮ್ಮೆ ಕೈ ಒಳಗೆ ಹಾಕಿ ಸವರಿ ನೋಡಿ. ಎದ್ದ ಮೊಳೆ, ಮಡಿಚಿದ ಸೋಲ್, ಹರಿದ ಒಳಬಟ್ಟೆ ಬೆರಳಿಗೆ ಸಿಗುತ್ತವೆ.

ಆಣಿಯ ಮೇಲೆ ನೇರವಾಗಿ ಹತ್ತಿ ಇಟ್ಟು ಕಟ್ಟಿದರೆ ಒತ್ತಡ ಇನ್ನೂ ಹೆಚ್ಚುತ್ತದೆ. ನಡುವೆ ತೂತಿರುವ ಉದ್ದಿನ ವಡೆಯ ಆಕಾರದ ಮೆತ್ತೆ ಔಷಧದ ಅಂಗಡಿಯಲ್ಲಿ ಸಿಗುತ್ತದೆ. ಆಣಿ ತೂತಿನಲ್ಲಿ ಬರುವಂತೆ ಅಂಟಿಸಿದರೆ ಭಾರ ಸುತ್ತಲಿನ ಚರ್ಮಕ್ಕೆ ಹಂಚಿಹೋಗುತ್ತದೆ. ಬೆರಳಸಂದಿಯ ಆಣಿಗೆ ಎರಡು ಬೆರಳುಗಳ ನಡುವೆ ಒಣ ಹತ್ತಿ ಇಟ್ಟು, ಒದ್ದೆಯಾದಾಗ ಬದಲಿಸಿ.

ಮನೆಯಲ್ಲಿ ಮಾಡಬಹುದಾದ ಆರೈಕೆ

ಇದು ಸಕ್ಕರೆ ಕಾಯಿಲೆ ಇಲ್ಲದ, ಕಾಲಿನಲ್ಲಿ ಸ್ಪರ್ಶ ಸರಿಯಾಗಿ ಇರುವವರಿಗೆ ಮಾತ್ರ.

ಉಗುರುಬೆಚ್ಚಗಿನ ನೀರಿನಲ್ಲಿ 5ರಿಂದ 10 ನಿಮಿಷ ಕಾಲು ನೆನೆಸಿ. ಕಾಲು ಉಜ್ಜುವ ಕಲ್ಲನ್ನು ಒದ್ದೆ ಮಾಡಿ, ಗಟ್ಟಿಯಾದ ಜಾಗವನ್ನು ಮೆಲ್ಲಗೆ ಉಜ್ಜಿ. ಒಂದೇ ದಿನ ಪೂರ್ತಿ ತೆಗೆಯುವ ಹಟ ಬೇಡ. ಕೆಂಪಾಗುವ ಮೊದಲೇ, ಉರಿ ಬರುವ ಮೊದಲೇ ನಿಲ್ಲಿಸಿ. ಕಾಲು ಒರೆಸಿ ಯೂರಿಯಾ ಇರುವ ಕ್ರೀಮ್ ಹಚ್ಚಿ. ಹೊಲಕ್ಕೆ ಹಾಕುವ ಯೂರಿಯಾ ಗೊಬ್ಬರ ನೀರಿಗೆ ಕಲಸಿ ಹಚ್ಚುವುದಲ್ಲ, ಔಷಧದ ಅಂಗಡಿಯಲ್ಲಿ ಸಿಗುವ ಕ್ರೀಮ್. ಅದು ಚರ್ಮದಲ್ಲಿ ನೀರು ಹಿಡಿದಿಟ್ಟು ಗಟ್ಟಿ ಪದರವನ್ನು ಸಡಿಲ ಮಾಡುತ್ತದೆ. ಸಿಗದಿದ್ದರೆ ವ್ಯಾಸಲಿನ್ ಅಥವಾ ಕೊಬ್ಬರಿ ಎಣ್ಣೆ ನಡೆಯುತ್ತದೆ. ಬೆರಳಸಂದಿಗೆ ಮಾತ್ರ ಹಚ್ಚಬೇಡಿ, ಅಲ್ಲಿ ತೇವ ನಿಂತರೆ ಸೋಂಕು ಬರುತ್ತದೆ.

ಒತ್ತಡವನ್ನೂ ತಗ್ಗಿಸಿ ಇದನ್ನೂ ಮಾಡಿದರೆ ಕೆಲವು ವಾರಗಳಲ್ಲಿ ವ್ಯತ್ಯಾಸ ಕಾಣುತ್ತದೆ. ನೋವಿಲ್ಲದ ಸಾಧಾರಣ ಜಡ್ಡನ್ನು ಪೂರ್ತಿ ತೆಗೆಯಬೇಕಾಗಿಯೂ ಇಲ್ಲ.

ಸಕ್ಕರೆ ಕಾಯಿಲೆ ಇದ್ದರೆ ಲೆಕ್ಕ ಬೇರೆ

ಈ ಲೇಖನದಲ್ಲಿ ಒಂದೇ ಭಾಗ ನೆನಪಿಡುವುದಿದ್ದರೆ ಇದನ್ನು ನೆನಪಿಡಿ.

ಐಸಿಎಂಆರ್ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ತಮಗೆ ಇದೆ ಎಂದು ಗೊತ್ತೇ ಇಲ್ಲದವರೂ ಬಹಳ. ವರ್ಷಗಟ್ಟಲೆ ಸಕ್ಕರೆ ಹೆಚ್ಚಿದ್ದರೆ ಕಾಲಿನ ನರಗಳು ಸೊರಗುತ್ತವೆ. ಶೂ ಕಚ್ಚುವುದು, ಕಲ್ಲು ಚುಚ್ಚುವುದು ತಿಳಿಯುವುದಿಲ್ಲ. ‘ನನ್ನ ಆಣಿ ನೋಯುವುದೇ ಇಲ್ಲ’ ಎಂಬ ಸಮಾಧಾನದ ಮಾತೇ ಇಲ್ಲಿ ಅಪಾಯದ ಗಂಟೆ.

ಅಂಥ ಕಾಲಿನಲ್ಲಿ ಜಡ್ಡು ಶೂ ಒಳಗೆ ಬಿದ್ದ ಕಲ್ಲಿನಂತೆ ಕೆಲಸ ಮಾಡುತ್ತದೆ. ಪ್ರತಿ ಹೆಜ್ಜೆಗೂ ಕೆಳಗಿನ ಮೆತ್ತನೆಯ ಭಾಗವನ್ನು ಜಜ್ಜುತ್ತದೆ. ಮೇಲೆ ಗಟ್ಟಿ, ಒಳಗೆ ಹುಣ್ಣು. ಬ್ರಿಟನ್‌ನಲ್ಲಿ ಸಕ್ಕರೆ ಕಾಯಿಲೆಯವರ ಮೇಲೆ ನಡೆದು 1992ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪರಿಣತರು ಜಡ್ಡನ್ನು ತೆಗೆದ ಮೇಲೆ ಆ ಜಾಗದ ಒತ್ತಡ ಸುಮಾರು ನಾಲ್ಕನೇ ಒಂದು ಭಾಗದಷ್ಟು ಇಳಿದಿತ್ತು. ಅಂದರೆ ಇವರ ಜಡ್ಡನ್ನು ತೆಗೆಯಲೇಬೇಕು, ಆದರೆ ಅದು ಆಸ್ಪತ್ರೆಯಲ್ಲಿ, ಬಲ್ಲವರ ಕೈಯಲ್ಲಿ ಆಗಬೇಕು. ಮನೆಯ ಬ್ಲೇಡಿನ ಸಣ್ಣ ಗಾಯ ಇಂಥವರಲ್ಲಿ ಮಾಗದೆ, ಸೋಂಕು ಮೂಳೆಗೆ ಇಳಿದು, ಬೆರಳನ್ನೋ ಪಾದವನ್ನೋ ತೆಗೆಯಬೇಕಾದ ಸ್ಥಿತಿ ಬರಬಹುದು.

ಕುಷ್ಠರೋಗದಿಂದ ಸ್ಪರ್ಶ ಕಳೆದುಕೊಂಡ ಪಾದಗಳ ಕಥೆಯೂ ಇದೇ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿದ್ದ ಡಾ. ಪಾಲ್ ಬ್ರ್ಯಾಂಡ್, ಆ ರೋಗಿಗಳ ಕಾಲಿನ ಹುಣ್ಣಿಗೆ ನೋವು ತಿಳಿಯದ ಜಾಗದ ಮೇಲೆ ಮತ್ತೆ ಮತ್ತೆ ಬೀಳುವ ಒತ್ತಡ ಕಾರಣ ಎಂದು ತೋರಿಸಿಕೊಟ್ಟರು. ಇಂದು ವೈದ್ಯರು ಬರೆದುಕೊಡುವ ಮೆತ್ತನೆಯ ಎಂಸಿಆರ್ ರಬ್ಬರಿನ ಚಪ್ಪಲಿಗಳ ಹಿಂದೆ ಇರುವುದು ಇದೇ ತಿಳಿವಳಿಕೆ.

ಮನೆಯವರು ಮಾಡಬಹುದಾದ ಒಂದು ಸರಳ ಪರೀಕ್ಷೆ ಇದೆ. ಬ್ರಿಟನ್‌ನ ಇಪ್ಸ್‌ವಿಚ್ ಆಸ್ಪತ್ರೆಯಲ್ಲಿ ರೂಪುಗೊಂಡದ್ದು. ಕಣ್ಣು ಮುಚ್ಚಿ ಮಲಗಲು ಹೇಳಿ. ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ನಿಮ್ಮ ತೋರುಬೆರಳಿನಿಂದ ಒಂದೆರಡು ಸೆಕೆಂಡ್ ಹಗುರವಾಗಿ ಮುಟ್ಟಿ. ಒತ್ತಬೇಡಿ, ತಟ್ಟಬೇಡಿ. ಮುಟ್ಟಿದ್ದು ತಿಳಿದಾಗ ‘ಹೂಂ’ ಎನ್ನಲಿ. ಆರರಲ್ಲಿ ಎರಡು ಅಥವಾ ಹೆಚ್ಚು ಸಲ ತಿಳಿಯದಿದ್ದರೆ ಕಾಲಿನ ಸ್ಪರ್ಶ ಕುಂದಿರಬಹುದು. ಬೇಗ ವೈದ್ಯರಿಗೆ ತೋರಿಸಿ.

ಯಾವಾಗ ಆಸ್ಪತ್ರೆಗೆ ಹೋಗಬೇಕು?

- ಜಡ್ಡಿನ ಕೆಳಗೆ ಕಪ್ಪು, ನೀಲಿ ಅಥವಾ ಕೆಂಪು ಕಲೆ ಕಂಡರೆ
- ರಕ್ತ, ಕೀವು, ನೀರು, ದುರ್ವಾಸನೆ ಬಂದರೆ
- ಸುತ್ತಲಿನ ಚರ್ಮ ಕೆಂಪಾಗಿ, ಬಿಸಿಯಾಗಿ, ಊದಿಕೊಂಡರೆ, ಜ್ವರ ಬಂದರೆ
- ಕಾಲು ಮರಗಟ್ಟಿದರೆ, ತಣ್ಣಗಾದರೆ
- ಶೂ ಸರಿಪಡಿಸಿ ಕೆಲವು ವಾರ ಕಳೆದರೂ ನೋವು ಇಳಿಯದಿದ್ದರೆ
- ನರಹುಲಿ ಎಂಬ ಅನುಮಾನ ಇದ್ದರೆ

ಸಕ್ಕರೆ ಕಾಯಿಲೆಯವರು ಮೊದಲ ನಾಲ್ಕರಲ್ಲಿ ಯಾವುದು ಕಂಡರೂ ಅಂದೇ ಹೋಗಬೇಕು. ಹುಡಗಿ ಸುತ್ತಲಿನವರು ಹುಮನಾಬಾದಿನ ತಾಲೂಕು ಆಸ್ಪತ್ರೆಗೆ ತೋರಿಸಬಹುದು. ಹೆಚ್ಚಿನ ಚಿಕಿತ್ಸೆ ಬೇಕಾದರೆ ಬೀದರಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಬ್ರಿಮ್ಸ್ ಆಸ್ಪತ್ರೆ ಇದೆ. ಇಎಸ್‌ಐ ಕಾರ್ಡ್ ಇರುವ ಕಾರ್ಮಿಕರು ಅದನ್ನು ಮರೆಯದೆ ಬಳಸಿಕೊಳ್ಳಿ.

ಶೂ ಬಿಡಬೇಡಿ, ಸರಿಯಾದ ಶೂ ಕೇಳಿ

‘ಶೂ ಬಿಟ್ಟು ಚಪ್ಪಲಿ ಹಾಕಿ’ ಎಂಬ ಸಲಹೆ ಮನೆಯಲ್ಲಿ ಸರಿ, ಕಾರ್ಖಾನೆಯಲ್ಲಿ ಅಲ್ಲ. ಆಣಿ ವಾರಗಳಲ್ಲಿ ವಾಸಿಯಾಗುತ್ತದೆ. ಜಜ್ಜಿಹೋದ ಬೆರಳು, ರಾಸಾಯನಿಕದಿಂದ ಸುಟ್ಟ ಪಾದ ಹಾಗಲ್ಲ.

ಕಾಲಿಗೆ ಹೊಂದುವ ಶೂ ಕೇಳುವುದರಲ್ಲಿ ಸಂಕೋಚ ಬೇಡ. ಕಾಯ್ದೆಯಂತೆ ಮಾಲೀಕರು ಕೊಡಬೇಕಾದ ಸಾಧನಗಳಿಗೆ ಕಾರ್ಮಿಕರಿಂದ ಹಣ ಪಡೆಯಬಾರದು ಎಂದು 1948ರ ಕಾರ್ಖಾನೆ ಕಾಯ್ದೆಯ 114ನೇ ಕಲಂ ಹೇಳಿತ್ತು. ಸುರಕ್ಷತೆಗಾಗಿ ಒದಗಿಸುವುದಕ್ಕೆ ನೌಕರರಿಂದ ಶುಲ್ಕ ಪಡೆಯುವಂತಿಲ್ಲ ಎಂಬ ಮಾತು 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯಲ್ಲೂ ಇದೆ. ನಾಲ್ಕೈದು ಜನ ಸೇರಿ, ಪಾದದ ಗೆರೆ ಎಳೆದ ಹಾಳೆಗಳನ್ನು ತೋರಿಸಿ, ‘ಅಗಲದ ಶೂ ಬೇಕು’ ಎಂದು ಸೂಪರ್‌ವೈಸರ್ ಬಳಿ ಕೇಳಿ. ಕಾಲು ಎಳೆಯುತ್ತಾ ನಡೆಯುವ ಕೆಲಸಗಾರ ಎಡವುವ ಸಂಭವವೂ ಹೆಚ್ಚು; ಇದು ಮಾಲೀಕರಿಗೂ ಅರ್ಥವಾಗುವ ಮಾತು.

ಬೆಳ್ಳುಳ್ಳಿಯ ಬದಲು ಇದನ್ನು ಫಾರ್ವರ್ಡ್ ಮಾಡಿ

‘ಆಣಿಗೆ ಬೇರು ಇಲ್ಲ, ಅದಕ್ಕೆ ಕಾರಣ ಒತ್ತಡ. ಬೆಳ್ಳುಳ್ಳಿ, ಸುಣ್ಣ, ಕೇರುಬೀಜ, ಬ್ಲೇಡ್ ಬೇಡ. ಸಂಜೆ ಹಾಳೆಯ ಮೇಲೆ ನಿಂತು ಪಾದದ ಗೆರೆ ಎಳೆದು ಶೂ ಸೋಲನ್ನು ಅದರ ಮೇಲಿಟ್ಟು ನೋಡಿ. ಪಾದ ಹೊರಗೆ ಚಾಚಿದರೆ ಶೂ ಕಿರಿದು. ಲೇಸ್ ಬಿಗಿಯಿರಲಿ, ಸಾಕ್ಸ್ ಒಣಗಿರಲಿ. ಬಿಸಿನೀರಲ್ಲಿ ನೆನೆಸಿ ಮೆಲ್ಲಗೆ ಉಜ್ಜಿ, ಕ್ರೀಮ್ ಹಚ್ಚಿ. ಶುಗರ್ ಇರುವವರು ಮಾತ್ರ ಇದಾವುದನ್ನೂ ಮನೆಯಲ್ಲಿ ಮಾಡದೆ, ನೋವಿಲ್ಲದಿದ್ದರೂ ಡಾಕ್ಟರಿಗೆ ತೋರಿಸಿ.’

ಈ ಸಂದೇಶದಲ್ಲಿ ಮೂರು ದಿನದ ಪವಾಡ ಇಲ್ಲ. ಆದರೆ ನಿಮ್ಮ ಗುಂಪಿನಲ್ಲಿ ಶುಗರ್ ಇದ್ದೂ ಸೇಫ್ಟಿ ಶೂ ಹಾಕಿ ಪಾಳಿಗೆ ಹೋಗುವ ಯಾರಾದರೊಬ್ಬರು ಇರಬಹುದು. ಇಂದು ರಾತ್ರಿ ಅವರು ಬ್ಲೇಡ್ ಕೆಳಗಿಟ್ಟರೆ ಅಷ್ಟೇ ಸಾಕು.